ಮಣ್ಣು ಹಾಕಿ ಒಂದು ಮಳೆಗಾಲ ಬಿಟ್ಟರೆ ಸಾಕೆ?

ತಗ್ಗಿನಲ್ಲಿರುವ ಸೈಟು ಕೊಂಡವರಿಗೆ ಊರಿಗೆ ಊರೇ ಕೊಡುವ ಸಲಹೆ ಒಂದಿದೆ. "ಮಣ್ಣು ಹೊಡೆಸಿ, ಒಂದು ಮಳೆಗಾಲ ಬಿಟ್ಟುಬಿಡಿ ಸಾರ್, ತಾನೇ ಕೂತ್ಕೊಳ್ಳುತ್ತೆ." ಮೇಸ್ತ್ರಿ ಹೇಳುತ್ತಾರೆ, ಪಕ್ಕದ ಮನೆಯವರು ಹೇಳುತ್ತಾರೆ, ಮಣ್ಣು ತಂದು ಸುರಿಯುವ ಟಿಪ್ಪರಿನ ಮಾಲೀಕರಂತೂ ಹೇಳಿಯೇ ಹೇಳುತ್ತಾರೆ. ಕೈಯಿಂದ ಕಾಸು ಬಿಚ್ಚಬೇಕಾಗಿಲ್ಲದ ಸಲಹೆಯಾದ್ದರಿಂದ ಎಲ್ಲರಿಗೂ ಹಿಡಿಸುತ್ತದೆ. ಮಳೆ ಬಿದ್ದ ಮೇಲೆ ಮಣ್ಣು ಒಂದಿಷ್ಟು ಇಳಿಯುವುದೂ ನಿಜ. ಇಳಿದದ್ದನ್ನು ಕಣ್ಣಾರೆ ಕಂಡವರು ಕೆಲಸ ಮುಗಿಯಿತೆಂದುಕೊಂಡು ಗುದ್ದಲಿ ಪೂಜೆಗೆ ದಿನ ನೋಡಿಸುತ್ತಾರೆ. ಕೆಲಸ ಮುಗಿದಿರುವುದಿಲ್ಲ. ಎಷ್ಟು ಉಳಿದಿರುತ್ತದೆ, ಯಾಕೆ ಉಳಿದಿರುತ್ತದೆ ಎಂಬುದೇ ನನ್ನ ಇವತ್ತಿನ ಮಾತು.

ಮೊದಲು ಒಂದು ಲೆಕ್ಕ ಹಾಕೋಣ. ಬೇಕಿದ್ದರೆ ಕೈಯಲ್ಲಿ ಪೆನ್ನು ಹಿಡಿದುಕೊಳ್ಳಿ. 30–40ರ ಸೈಟು, ರಸ್ತೆಗಿಂತ 4 ಅಡಿ ತಗ್ಗು. 1200 ಚದರಡಿಗೆ 4 ಅಡಿ ಎತ್ತರ ಎಂದರೆ 4800 ಘನ ಅಡಿ. ಅಷ್ಟು ಮಣ್ಣು ಲೋಡುಗಟ್ಟಲೆ ಬಂದು ಬೀಳುತ್ತದೆ, ಜೆಸಿಬಿ ಅದನ್ನು ಹರಡಿ ಹೋಗುತ್ತದೆ, ಸೈಟು ರಸ್ತೆಗೆ ಸಮವಾಗಿ ಕಾಣುತ್ತದೆ. ಆದರೆ ಟಿಪ್ಪರಿನಿಂದ ಸುರಿದ ಕೆಂಪು ಮಣ್ಣಿನಲ್ಲಿ, ನೀರಿನ ತೂಕ ಕಳೆದರೆ, ಒಂದು ಘನ ಸೆಂಟಿಮೀಟರಿಗೆ ಸುಮಾರು 1.4 ಗ್ರಾಂ ಮಣ್ಣು ಇರುತ್ತದೆ. ಅದೇ ಮಣ್ಣನ್ನು ಸರಿಯಾಗಿ ದಮ್ಮಸು ಮಾಡಿದರೆ 1.75 ಗ್ರಾಂ ಹಿಡಿಸುತ್ತದೆ. ಈ ಲೆಕ್ಕದಲ್ಲಿ ನೀವು ಕೊಂಡ 4800 ಘನ ಅಡಿ ಮಣ್ಣು ಗಟ್ಟಿಯಾದಾಗ ಆಗುವುದು 3840 ಘನ ಅಡಿ ಮಾತ್ರ. ಎತ್ತರ 4 ಅಡಿ ಹೋಗಿ 3.2 ಅಡಿಗೆ ಬಂತು. ಹತ್ತಿರ ಹತ್ತಿರ 10 ಇಂಚು ಕಾಣೆ. ಆ 10 ಇಂಚು ಬರೀ ಗಾಳಿ. ಮಣ್ಣಿನ ದುಡ್ಡಿಗೆ ಗಾಳಿಯನ್ನೂ ಸೇರಿಸಿ ಕೊಂಡಿದ್ದೀರಿ, ಈಗ ಅದರ ಮೇಲೆ ಮನೆ ಕಟ್ಟಲು ಹೊರಟಿದ್ದೀರಿ.

ಈ ಗಾಳಿಯನ್ನು ಮಳೆ ಹೊರಗೆ ಹಾಕುವುದಿಲ್ಲವೆ? ಸ್ವಲ್ಪ ಹಾಕುತ್ತದೆ. ಬೇಸಿಗೆಯಲ್ಲಿ ಅಗೆದು ತಂದ ಮಣ್ಣು ಹೆಂಟೆ ಹೆಂಟೆಯಾಗಿರುತ್ತದೆ. ಹೆಂಟೆ ಒಳಗೆ ಗಟ್ಟಿ, ಹೆಂಟೆ ಹೆಂಟೆಗಳ ನಡುವೆ ಪೊಳ್ಳು. ಮೊದಲ ಜೋರು ಮಳೆಗೆ ಮೇಲಿನ ಹೆಂಟೆಗಳು ನೆನೆದು ಕರಗಿ ಪೊಳ್ಳಿನೊಳಕ್ಕೆ ಕುಸಿಯುತ್ತವೆ. ನೆಲ ಅಲ್ಲಲ್ಲಿ ಗುಳಿ ಬೀಳುತ್ತದೆ. ಅಲ್ಲಿಗೆ ಮೇಲ್ಮೈ ಮುಚ್ಚಿಕೊಂಡು ಕೆನೆಗಟ್ಟುತ್ತದೆ. ಆಮೇಲೆ ಬಿದ್ದ ನೀರು ಒಳಗಿಳಿಯುವ ಬದಲು ತಗ್ಗು ಇರುವ ಕಡೆಗೆ ಹರಿದುಹೋಗುತ್ತದೆ. ಮೂರು ನಾಲ್ಕು ಅಡಿ ಕೆಳಗೆ ಏನಾಗಿದೆ ಎಂದು ಅಗೆದು ನೋಡಿದರೆ, ಎಷ್ಟೋ ಕಡೆ ಬೇಸಿಗೆಯ ಆ ಹೆಂಟೆಗಳು ಹಾಗೆಯೇ ಕೂತಿರುತ್ತವೆ. ಇನ್ನೊಂದು ಕಡೆ, ಕಾಂಪೌಂಡಿನ ಮೂಲೆಯಲ್ಲಿ, ನೀರು ನಿಂತು ಕೆಸರಾಗಿರುತ್ತದೆ. ಒಂದೇ ಸೈಟಿನಲ್ಲಿ ಮೂರು ತರದ ನೆಲ. ಮನೆಗೆ ಇದೇ ಕಂಟಕ. ಇಡೀ ಮನೆ ಸಮನಾಗಿ ಒಂದು ಇಂಚು ಇಳಿದರೆ ನಮಗೆ ಗೊತ್ತೂ ಆಗುವುದಿಲ್ಲ. ಒಂದು ಮೂಲೆ ಮಾತ್ರ ಮುಕ್ಕಾಲು ಇಂಚು ಇಳಿದರೆ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ, ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ.

ಕೆಳಗೆ ಒಣಗಿ ಕೂತ ಆ ಹೆಂಟೆಗಳು ಎಂದೆಂದಿಗೂ ಒಣಗಿಯೇ ಇದ್ದಿದ್ದರೆ ಅಷ್ಟು ಚಿಂತೆ ಇರಲಿಲ್ಲ. ಒಣ ಹೆಂಟೆ ಸಾಕಷ್ಟು ಭಾರ ಹೊರುತ್ತದೆ. ಆದರೆ ಮನೆ ಎಂದ ಮೇಲೆ ಸಂಪು ಇರುತ್ತದೆ, ಬಚ್ಚಲಿನ ಪೈಪು ಇರುತ್ತದೆ, ಚೇಂಬರ್ ಇರುತ್ತದೆ, ಹೂವಿನ ಗಿಡಕ್ಕೆ ದಿನವೂ ನೀರು ಬಿಡುವ ಅಜ್ಜಿ ಇರುತ್ತಾರೆ. ಐದಾರು ವರ್ಷಕ್ಕೆ ಎಲ್ಲೋ ಒಂದು ಜಾಯಿಂಟು ಸೋರಲು ಶುರುವಾಗುತ್ತದೆ. ಮಳೆಗಾಲ ಮುಟ್ಟದೆ ಬಿಟ್ಟ ಆ ಹೆಂಟೆಗೆ ಆಗ ನೀರು ಮುಟ್ಟುತ್ತದೆ, ಅದೂ ಮೇಲೆ ಮನೆ ಹೊತ್ತುಕೊಂಡಿರುವಾಗ. "ಇಷ್ಟು ವರ್ಷ ಏನೂ ಆಗಿರಲಿಲ್ಲ, ಈಗ ಟೈಲ್ಸ್ ಎಲ್ಲ ಇಳಿದು ಡಬ್ ಡಬ್ ಅಂತಿದೆ" ಎಂದು ಜನ ಹೇಳುವುದು ಸಾಮಾನ್ಯವಾಗಿ ಇಂಥ ಸಂದರ್ಭದಲ್ಲೇ. ಟೈಲ್ಸ್ ಹಾಕಿದವನನ್ನು ಬೈದು ಪ್ರಯೋಜನವಿಲ್ಲ.

ಹಿಂದಿನವರು ರೋಲರ್ ಇಟ್ಟುಕೊಂಡು ಕೆರೆ ಏರಿ ಕಟ್ಟಿದರೆ ಎಂದು ಕೆಲವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ನಮ್ಮ ನಾಡಿನ ಸಾವಿರಾರು ಕೆರೆ ಏರಿಗಳು ಬುಟ್ಟಿ ಮತ್ತು ಗುದ್ದಲಿಯಲ್ಲೇ ಎದ್ದವು. ಆದರೆ ಆ ಕೆಲಸದ ರೀತಿ ನೋಡಿ. ಒಬ್ಬ ಆಳು ತಲೆಯ ಮೇಲೆ ಹೊತ್ತು ತಂದ ಒಂದು ಬುಟ್ಟಿ ಮಣ್ಣು ಹರಡಿದರೆ ಆಗುವುದು ಒಂದು ತೆಳು ಪದರ. ಅದರ ಮೇಲೆ ಮುಂದಿನ ಬುಟ್ಟಿಯವರು ನಡೆದು ಹೋಗುತ್ತಾರೆ, ಕತ್ತೆ ಎತ್ತುಗಳು ತುಳಿಯುತ್ತವೆ, ಮರದ ದಿಮ್ಮಸಿನ ಪೆಟ್ಟು ಬೀಳುತ್ತದೆ. ಮಣ್ಣು ಅಲ್ಲೇ ಕೆರೆಯಂಗಳದಿಂದ ತೆಗೆದದ್ದು, ಒಳಗೆ ಹಸಿ ಇರುತ್ತಿತ್ತು. ತೆಳು ಪದರ, ಹದವಾದ ಹಸಿ, ಮೇಲೆ ಮೇಲೆ ಬೀಳುವ ಪೆಟ್ಟು, ಈ ಮೂರೂ ಆ ನಿಧಾನದ ಕೆಲಸದೊಳಗೇ ಸೇರಿಕೊಂಡಿದ್ದವು. ಭೋವಿ ಸಮುದಾಯದ ಮಣ್ಣು ಕೆಲಸದವರಿಗೆ ಈ ಹದ ಕೈಯಲ್ಲೇ ಇತ್ತು. ಟಿಪ್ಪರ್ ಬಂದ ಮೇಲೆ ನಾಲ್ಕು ಅಡಿ ಮಣ್ಣು ಒಂದೇ ಸಂಜೆಗೆ ಬೀಳತೊಡಗಿತು. ಹೊರುವ ಕೆಲಸಕ್ಕೆ ಯಂತ್ರ ಬಂತು, ತುಳಿಯುವ ಕೆಲಸವನ್ನು ಮಳೆಗೆ ಬಿಟ್ಟೆವು.

ಕೈಯಲ್ಲಿದ್ದ ಆ ಹದವನ್ನು ಅಳತೆಗೆ ತಂದವರು ಅಮೆರಿಕದ ರಾಲ್ಫ್ ಪ್ರಾಕ್ಟರ್. ಲಾಸ್ ಏಂಜಲೀಸ್ ನಗರದ ನೀರು ಸರಬರಾಜು ಇಲಾಖೆಯಲ್ಲಿ ಎಂಜಿನಿಯರ್. ಆ ಇಲಾಖೆ ಕಟ್ಟಿದ್ದ ಸೇಂಟ್ ಫ್ರಾನ್ಸಿಸ್ ಎಂಬ ಕಾಂಕ್ರೀಟ್ ಅಣೆಕಟ್ಟು 1928ರ ಮಾರ್ಚ್ 12ರ ನಡುರಾತ್ರಿಯ ಹೊತ್ತಿಗೆ ಒಡೆದು ನಾನೂರಕ್ಕೂ ಹೆಚ್ಚು ಜನ ಸತ್ತರು. ಅಣೆಕಟ್ಟಿನ ಕಾಲಡಿಯ ನೆಲವೇ ಅಲ್ಲಿ ಕೈಕೊಟ್ಟಿತ್ತು. ಹೋದ ಜಲಾಶಯದ ಬದಲಿಗೆ ಬುಕೆ ಕಣಿವೆಯಲ್ಲಿ ಈ ಸಲ ಮಣ್ಣಿನ ಕಟ್ಟೆ ಕಟ್ಟಲು ಹೊರಟರು. ಅಷ್ಟು ಜನ ಸತ್ತ ಮೇಲೆ "ಚೆನ್ನಾಗಿ ತುಳಿಸಿದ್ದೇವೆ" ಎಂಬ ಬಾಯಿಮಾತು ಯಾರಿಗೆ ಬೇಕು? ತುಳಿಸಿದ್ದು ಸಾಕೋ ಸಾಲದೋ ಎಂದು ಅಂಕಿಯಲ್ಲಿ ತೋರಿಸಬೇಕಾಗಿತ್ತು. ಪ್ರಾಕ್ಟರ್ ಅದಕ್ಕೊಂದು ದಾರಿ ಕಂಡುಹಿಡಿದು 1933ರಲ್ಲಿ ಎಂಜಿನಿಯರಿಂಗ್ ಪತ್ರಿಕೆಯೊಂದರಲ್ಲಿ ನಾಲ್ಕು ಲೇಖನ ಬರೆದರು. ಇವತ್ತು ನಮ್ಮ ಹಳ್ಳಿ ರಸ್ತೆಯ ಟೆಂಡರಿನಲ್ಲೂ ಅವರ ಹೆಸರು ಬರುತ್ತದೆ.

ಪರೀಕ್ಷೆ ಬಹಳ ಸರಳ. ನಮ್ಮ ಭಾರತೀಯ ಮಾನಕದ ಪ್ರಕಾರ ಹೇಳುತ್ತೇನೆ. ಸರಿಯಾಗಿ ಒಂದು ಲೀಟರ್ ಹಿಡಿಸುವ ಕಬ್ಬಿಣದ ಅಚ್ಚು. ಅದರಲ್ಲಿ ಮಣ್ಣನ್ನು ಮೂರು ಪದರವಾಗಿ ತುಂಬಬೇಕು. ಪ್ರತಿ ಪದರಕ್ಕೂ 2.6 ಕಿಲೋ ತೂಕದ ಸುತ್ತಿಗೆಯನ್ನು 31 ಸೆಂಟಿಮೀಟರ್ ಎತ್ತರದಿಂದ 25 ಸಲ ಬೀಳಿಸಬೇಕು. ಮೇಲೆ ಉಳಿದದ್ದನ್ನು ಕೆರೆದು ತೂಗಬೇಕು. ಮಣ್ಣಿಗೆ ಸ್ವಲ್ಪ ನೀರು ಹೆಚ್ಚಿಸಿ ಮತ್ತೆ ಅದೇ, ಇನ್ನಷ್ಟು ನೀರು, ಮತ್ತೆ ಅದೇ. ಪೆಟ್ಟು ಅಷ್ಟೇ, ಅಚ್ಚು ಅದೇ, ಮಣ್ಣು ಅದೇ, ಬದಲಾಗುವುದು ನೀರು ಮಾತ್ರ. ಫಲಿತಾಂಶವನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿದರೆ ಒಂದು ಗುಡ್ಡ ಮೂಡುತ್ತದೆ. ಒಣಗಿದ್ದಾಗ ಮಣ್ಣು ಕಡಿಮೆ ಹಿಡಿಸುತ್ತದೆ. ನೀರು ಹೆಚ್ಚಿದಂತೆ ಹೆಚ್ಚು ಹೆಚ್ಚು ಹಿಡಿಸುತ್ತದೆ. ಒಂದು ಹಂತ ದಾಟಿದ ಮೇಲೆ ಮತ್ತೆ ಕಡಿಮೆಯಾಗುತ್ತದೆ. ಗುಡ್ಡದ ನೆತ್ತಿಯಲ್ಲಿರುವ ನೀರಿನ ಪ್ರಮಾಣವೇ ಆ ಮಣ್ಣಿನ ಹದ.

ಯಾಕೆ ಹೀಗೆ? ಮಣ್ಣು ಒಣಗಿದ್ದಾಗ ಕಣಗಳ ನಡುವೆ ಉಳಿದ ಚೂರು ಪಾರು ನೀರು ಅವನ್ನು ಒಂದಕ್ಕೊಂದು ಎಳೆದು ಹಿಡಿದಿರುತ್ತದೆ. ಬಡಿದರೂ ಜರುಗುವುದಿಲ್ಲ. ಹೆಂಟೆ ಅಷ್ಟು ಗಟ್ಟಿ ಇರುವುದು ಇದರಿಂದಲೇ. ನೀರು ಹೆಚ್ಚಿಸಿದರೆ ಆ ಹಿಡಿತ ಸಡಿಲವಾಗಿ ಕಣಗಳು ಜಾರಿ ಹತ್ತಿರ ಬರುತ್ತವೆ, ನಡುವಿನ ಗಾಳಿ ಹೊರಗೆ ಹೋಗುತ್ತದೆ. ನೀರು ಇನ್ನೂ ಹೆಚ್ಚಾದರೆ ಗಾಳಿ ಇದ್ದ ಜಾಗವನ್ನು ನೀರೇ ಹಿಡಿದು ಕೂರುತ್ತದೆ. ಗಾಳಿಯನ್ನು ಒಂದು ಪೆಟ್ಟಿಗೆ ಹೊರದೂಡಬಹುದು. ಜಿಗುಟು ಮಣ್ಣಿನೊಳಗಿನ ನೀರನ್ನು ಹಾಗೆ ದೂಡಲಾಗುವುದಿಲ್ಲ, ಅದು ನಿಧಾನವಾಗಿ ಬಸಿದು ಹೋಗಬೇಕು. ಹದ ಮೀರಿ ನೆನೆದ ನೆಲದ ಮೇಲೆ ರೋಲರ್ ಓಡಿಸಿದರೆ ಚಕ್ರದ ಕೆಳಗೆ ನೆಲ ತಗ್ಗುತ್ತದೆ, ಚಕ್ರ ದಾಟಿದೊಡನೆ ಮತ್ತೆ ಏಳುತ್ತದೆ. ಸೈಟಿನವರು ಇದಕ್ಕೆ "ಪಂಪಿಂಗ್ ಆಗ್ತಿದೆ" ಎನ್ನುತ್ತಾರೆ. ಆಗ ರೋಲರ್ ನಿಲ್ಲಿಸಿ ಮಣ್ಣನ್ನು ಕೆದಕಿ ಒಣಗಲು ಬಿಡುವುದೊಂದೇ ದಾರಿ. ಇನ್ನೂ ನಾಲ್ಕು ಸಲ ಓಡಿಸಿದರೆ ಡೀಸೆಲ್ ದಂಡ.

ಮರಳಿಗೆ ಸುಮಾರು 8ರಿಂದ 10, ನಮ್ಮ ಕೆಂಪು ಮಣ್ಣಿಗೆ 12ರಿಂದ 16, ಎರೆಮಣ್ಣಿಗೆ 20ರ ಮೇಲೆ, ಹೀಗೆ ಒಣಮಣ್ಣಿನ ನೂರು ಭಾಗ ತೂಕಕ್ಕೆ ಇಷ್ಟು ನೀರು ಬೇಕಾಗುತ್ತದೆ. ಬೇಸಿಗೆಯ ಮಣ್ಣಿನಲ್ಲಿ 6 ಭಾಗ ಇದೆ, ಬೇಕಾದದ್ದು 12 ಎಂದಿಟ್ಟುಕೊಳ್ಳಿ. ಒಂದು ಟನ್ ಮಣ್ಣಿಗೆ 60 ಲೀಟರ್, ಹತ್ತು ಟನ್ನಿನ ಒಂದು ಲೋಡಿಗೆ 600 ಲೀಟರ್ ನೀರು. ಹುಡುಗನೊಬ್ಬನ ಕೈಗೆ ಪೈಪು ಕೊಟ್ಟು ಧೂಳು ಅಡಗುವಷ್ಟು ಚಿಮುಕಿಸಿದರೆ ಇದು ತುಂಬುವುದಿಲ್ಲ. ಮತ್ತೆ ಜೇಡಿ ಅಂಶ ಇರುವ ಮಣ್ಣು ನೀರು ಕುಡಿಯಲು ಹೊತ್ತು ಹಿಡಿಯುತ್ತದೆ. ಹಿಂದಿನ ಸಂಜೆಯೇ ನೀರು ಹಾಕಿ, ಕಲಸಿ, ರಾತ್ರಿ ಬಿಟ್ಟು ಬೆಳಿಗ್ಗೆ ಹರಡುವುದು ಒಳ್ಳೆಯದು.

ಲ್ಯಾಬು ಇಲ್ಲದ ಕಡೆ ಹದ ತಿಳಿಯುವುದು ಹೇಗೆ? ಹಳೆಯ ಮೇಸ್ತ್ರಿಗಳು ಒಂದು ಹಿಡಿ ಮಣ್ಣು ತೆಗೆದುಕೊಂಡು ಮುಷ್ಟಿಯಲ್ಲಿ ಬಿಗಿಯಾಗಿ ಹಿಸುಕುತ್ತಾರೆ. ಉಂಡೆ ನಿಲ್ಲಬೇಕು, ಬೆರಳ ಗುರುತು ಮೂಡಬೇಕು, ಆದರೆ ಅಂಗೈಗೆ ಕೆಸರು ಮೆತ್ತಬಾರದು. ಆ ಉಂಡೆಯನ್ನು ಎದೆಯ ಮಟ್ಟದಿಂದ ಗಟ್ಟಿ ನೆಲಕ್ಕೆ ಬಿಟ್ಟರೆ ನಾಲ್ಕಾರು ಚೂರಾಗಿ ಒಡೆಯಬೇಕು. ಪುಡಿಪುಡಿಯಾದರೆ ನೀರು ಸಾಲದು, ಚಪ್ಪಟೆಯಾಗಿ ಅಂಟಿ ಕೂತರೆ ಹೆಚ್ಚಾಯಿತು. ಇದು ಅಡುಗೂಲಜ್ಜಿಯ ಲೆಕ್ಕವೆಂದು ತಳ್ಳಿಹಾಕಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಣ್ಣಿನ ವಿಜ್ಞಾನಕ್ಕೆ ಹೆಸರಾದ ಪ್ರೊಫೆಸರ್ ಎ. ಶ್ರೀಧರನ್ ಮತ್ತು ಎಚ್. ಬಿ. ನಾಗರಾಜ್ 2005ರಲ್ಲಿ ಒಂದು ಸಂಬಂಧವನ್ನು ತೋರಿಸಿಕೊಟ್ಟರು. ಜಿಗುಟು ಮಣ್ಣನ್ನು ಅಂಗೈಯಲ್ಲಿ ಹೊಸೆದು 3 ಮಿಲಿಮೀಟರ್ ದಪ್ಪದ ಬತ್ತಿ ಮಾಡುತ್ತಾ ಹೋದರೆ, ನೀರು ಒಂದು ಮಟ್ಟಕ್ಕೆ ಇಳಿದಾಗ ಬತ್ತಿ ಬಿರುಕು ಬಿಟ್ಟು ತುಂಡಾಗುತ್ತದೆ. ಆ ಮಟ್ಟದ ನೀರಿನ 0.92 ಪಾಲೇ ಪ್ರಾಕ್ಟರ್ ಪರೀಕ್ಷೆಯ ಹದಕ್ಕೆ ಹತ್ತಿರ ಬರುತ್ತದೆ. ಅಂದರೆ ಬತ್ತಿ ಇನ್ನೇನು ಒಡೆಯಿತು ಎನ್ನುವ ಹಸಿಗಿಂತ ಒಂದು ಗುಟುಕು ಕಡಿಮೆ. ಮೇಸ್ತ್ರಿಯ ಉಂಡೆಯೂ ಒಡೆಯುವುದು ಅದರ ಆಸುಪಾಸಿನಲ್ಲೇ.

ಈಗ ಪೆಟ್ಟಿನ ವಿಷಯ. ಭಾರದ ರೋಲರ್ ತಂದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಬಲವಾಗಿದೆ. ನಾಲ್ಕು ಅಡಿ ಸಡಿಲ ಮಣ್ಣಿನ ಮೇಲೆ ಹತ್ತು ಟನ್ನಿನ ರೋಲರ್ ಓಡಿಸಿದರೆ ಮೇಲಿನ ಒಂದಡಿ ಕಲ್ಲಿನಂತಾಗುತ್ತದೆ, ಕೆಳಗಿನ ಮೂರಡಿಗೆ ಅದರ ಸುದ್ದಿ ಅಷ್ಟಾಗಿ ತಲುಪುವುದಿಲ್ಲ. ಮೇಲೆ ನಿಂತು ಕುಣಿದು ನೋಡಿ "ಗಟ್ಟಿಯಾಗಿದೆ" ಎಂದು ಒಪ್ಪಿಕೊಳ್ಳುವವರು ಮೋಸ ಹೋಗುವುದು ಇಲ್ಲಿಯೇ. ಆದ್ದರಿಂದ ಸಡಿಲ ಮಣ್ಣನ್ನು ಎಂಟು ಇಂಚಿಗಿಂತ ದಪ್ಪ ಹರಡಬಾರದು. ಅದು ಗಟ್ಟಿಯಾಗಿ ಆರು ಇಂಚಿನ ಆಸುಪಾಸಿಗೆ ಬಂದ ಮೇಲೆ ಮುಂದಿನ ಪದರ. ನಾಲ್ಕು ಅಡಿಗೆ ಎಂಟು ಪದರ ಬೇಕು. ಕೈಯಿಂದ ನಡೆಸುವ ಸಣ್ಣ ಪ್ಲೇಟ್ ಕಂಪ್ಯಾಕ್ಟರ್ ಆದರೆ ಪದರ ಇನ್ನೂ ತೆಳುವಾಗಿರಬೇಕು, ನಾಲ್ಕು ಇಂಚಿನ ಆಜುಬಾಜು. ಒಂದು ಪದರ ಮುಗಿದು ಅದರ ಮೇಲೆ ಇನ್ನೊಂದು ಹಾಕುವ ಮೊದಲು ಮೇಲ್ಮೈಯನ್ನು ತುಸು ಗೀರಿ ನೀರು ಚಿಮುಕಿಸಬೇಕು, ಇಲ್ಲವಾದರೆ ಎರಡು ಪದರ ಬೆಸೆಯುವುದಿಲ್ಲ.

ಮಣ್ಣಿಗೆ ತಕ್ಕ ಯಂತ್ರವೂ ಬೇಕು. ಜಿಗುಟು ಮಣ್ಣಿಗೆ ನಾದಿದಂಥ ಒತ್ತಡ ಹಿಡಿಸುತ್ತದೆ. ಅದಕ್ಕಾಗಿಯೇ ಉರುಳೆಯ ಮೈತುಂಬ ಗೊರಸುಗಳಿರುವ ರೋಲರ್ ಇದೆ. ಕುರಿಗಾಲಿನ ರೋಲರ್ ಎನ್ನುತ್ತೇವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಯಂತ್ರ. ಮೊದಲ ಸುತ್ತಿನಲ್ಲಿ ಗೊರಸು ಪದರದ ತಳದವರೆಗೂ ಇಳಿದು ಅಲ್ಲಿಂದ ಗಟ್ಟಿ ಮಾಡುತ್ತಾ ಬರುತ್ತದೆ. ಸುತ್ತು ಹೆಚ್ಚಿದಂತೆ ತಳ ಬಿಗಿದು ಗೊರಸು ಮೇಲೆ ಮೇಲೆ ಬರುತ್ತದೆ. ಕೊನೆಗೆ ರೋಲರ್ ಬರೀ ಗೊರಸುಗಳ ತುದಿಯ ಮೇಲೆ ನಡೆಯತೊಡಗಿದರೆ ಆ ಪದರ ಮುಗಿಯಿತೆಂದೇ ಅರ್ಥ. ಮರಳಿಗೆ ಇದು ನಡೆಯದು. ಮರಳಿನ ಕಣಗಳಿಗೆ ಒಂದಕ್ಕೊಂದು ಅಂಟಿಲ್ಲ, ಅವಕ್ಕೆ ನಡುಕ ಬೇಕು. ಸೇರಿನಲ್ಲಿ ರಾಗಿ ಅಳೆಯುವಾಗ ಕುಲುಕಿದರೆ ಇನ್ನೊಂದು ಹಿಡಿ ಹಿಡಿಸುತ್ತದಲ್ಲ, ಹಾಗೆ. ವೈಬ್ರೋ ರೋಲರ್ ಮಾಡುವುದು ಅದನ್ನೇ.

ಇಲ್ಲಿ ಇನ್ನೊಂದು ಬೇರೂರಿದ ರೂಢಿಯನ್ನು ಹೇಳಿಬಿಡಬೇಕು. ಪಾಯ ಕಟ್ಟಿ ಮುಗಿದ ಮೇಲೆ ಪ್ಲಿಂತಿನೊಳಗೆ ಮಣ್ಣು ತುಂಬಿಸಿ, ಎರಡು ಮೂರು ದಿನ ನೀರು ಕಟ್ಟಿ ನಿಲ್ಲಿಸುತ್ತಾರೆ. ಒಳಗೆ ತುಂಬಿದ್ದು ಶುದ್ಧ ಮರಳಾಗಿದ್ದರೆ ಇದಕ್ಕೆ ಅರ್ಥವಿದೆ, ನೀರು ಬಸಿದು ಹೋಗುವಾಗ ಮರಳನ್ನು ಕೂರಿಸಿಕೊಂಡು ಹೋಗುತ್ತದೆ. ಇವತ್ತು ಮರಳು ಯಾರು ತುಂಬಿಸುತ್ತಾರೆ? ತುಂಬುವುದು ಪಾಯದಿಂದಲೇ ಅಗೆದ ಜೇಡಿಮಿಶ್ರ ಮಣ್ಣು. ಅದಕ್ಕೆ ನೀರು ಕಟ್ಟಿದರೆ ಮೇಲಿನದು ರಾಡಿಯಾಗುತ್ತದೆ, ಒಳಗಿನದು ಹದ ಮೀರಿ ನೆನೆಯುತ್ತದೆ. ಮುಂದೆ ಅದು ಒಣಗುವಾಗ ಕುಗ್ಗಿ, ಕಾಂಕ್ರೀಟ್ ಹಾಸಿನ ಕೆಳಗೆ ಪೊಳ್ಳು ಬಿಡುತ್ತದೆ. ತೆಳು ಪದರಗಳಲ್ಲಿ ಹಾಕಿ, ಹದವಾಗಿ ನೆನೆಸಿ, ಕುಟ್ಟಿ ಎಂದು ಸರ್ಕಾರಿ ಕಾಮಗಾರಿಯ ನಿಬಂಧನೆಗಳಲ್ಲೂ ಬರೆದಿರುತ್ತದೆ. ಓದುವವರು ಬೇಕು.

ಪಾಯದ ಗೋಡೆಗೂ ಅಗೆದ ಕಾಲುವೆಗೂ ನಡುವೆ ಉಳಿಯುವ ಒಂದೂವರೆ ಅಡಿ ಸಂದಿ ಇದೆಯಲ್ಲ, ಅದರ ಕಡೆಗಂತೂ ಯಾರೂ ತಿರುಗಿ ನೋಡುವುದಿಲ್ಲ. ಅಲ್ಲಿಗೆ ರೋಲರ್ ಹೋಗುವುದಿಲ್ಲ. ನೆಗೆನೆಗೆದು ಕುಟ್ಟುವ ಸಣ್ಣ ಯಂತ್ರ, ಜಂಪಿಂಗ್ ಜಾಕ್ ಎನ್ನುತ್ತಾರೆ, ಅದು ಹೋಗುತ್ತದೆ, ಇಲ್ಲವೆ ಕೈದಿಮ್ಮಸು. ಬಹುಪಾಲು ಕಡೆ ಆ ಸಂದಿಗೆ ಬೀಳುವುದು ಸಿಮೆಂಟ್ ಚೀಲ, ಒಡೆದ ಇಟ್ಟಿಗೆ, ಊಟದ ಪ್ಯಾಕೆಟ್ಟು. ಮುಂದೆ ಮನೆ ಸುತ್ತಲಿನ ಪೇವರ್ ಕಲ್ಲುಗಳು ಗೋಡೆಯುದ್ದಕ್ಕೂ ಒಂದೇ ಗೆರೆಯಲ್ಲಿ ಇಳಿದಿರುವುದನ್ನು ನೋಡಿದ್ದೀರಲ್ಲ, ಅದು ಈ ಸಂದಿಯ ಗೆರೆ. ಮಳೆ ನೀರು ಆ ಇಳಿದ ಜಾಗದಲ್ಲಿ ನಿಂತು ನೇರ ಪಾಯಕ್ಕೆ ಇಳಿಯುತ್ತದೆ. ಹಾಗೆಂದು ಹೊಸದಾಗಿ ಕಟ್ಟಿದ ಗೋಡೆಗೆ ಒತ್ತಿಕೊಂಡು ದೊಡ್ಡ ವೈಬ್ರೋ ರೋಲರ್ ನಡೆಸಲೂಬಾರದು. ಅದು ಮಣ್ಣನ್ನು ಕೆಳಗೆ ಒತ್ತುವುದರ ಜೊತೆಗೆ ಪಕ್ಕಕ್ಕೂ ಒತ್ತುತ್ತದೆ. ನೆರೆಮನೆ ಹಳೆಯದಾಗಿದ್ದರೆ ಅದರ ಗೋಡೆಗೂ ನಡುಕ ತಾಗುತ್ತದೆ, ಆಮೇಲೆ ಪಂಚಾಯಿತಿ ಬೇರೆ.

ಮಾಡಿದ ಕೆಲಸವನ್ನು ಅಳೆಯುವುದು ಕಷ್ಟವಲ್ಲ. ಮಣ್ಣಿನ ಎಂಜಿನಿಯರುಗಳ ಹತ್ತಿರ ಕೋರ್ ಕಟರ್ ಎಂಬ ಉಕ್ಕಿನ ಕೊಳವೆ ಇರುತ್ತದೆ. ಒಳವ್ಯಾಸ 10 ಸೆಂಟಿಮೀಟರ್, ಎತ್ತರ 12.73 ಸೆಂಟಿಮೀಟರ್, ಹಿಡಿಸುವುದು ಸರಿಯಾಗಿ ಒಂದು ಲೀಟರ್. ಅದನ್ನು ಕುಟ್ಟಿದ ಪದರದೊಳಕ್ಕೆ ಹೊಡೆದು, ಸುತ್ತ ಅಗೆದು, ಮಣ್ಣಿನ ಸಮೇತ ಎತ್ತಿ, ಎರಡೂ ಬದಿ ಚಾಕುವಿನಿಂದ ಸಮ ಮಾಡಿ ತೂಗುತ್ತಾರೆ. ಮಣ್ಣಿನ ತೂಕ 1980 ಗ್ರಾಂ ಬಂತೆನ್ನಿ. ಅದರಲ್ಲಿ 112 ಗ್ರಾಂ ತೆಗೆದು ನೀರೆಲ್ಲ ಆವಿಯಾಗುವಂತೆ ಒಣಗಿಸಿದಾಗ 100 ಗ್ರಾಂ ಉಳಿಯಿತು. ಅಲ್ಲಿಗೆ ನೀರು ನೂರಕ್ಕೆ 12. 1980ನ್ನು 1.12ರಿಂದ ಭಾಗಿಸಿದರೆ ಒಣಮಣ್ಣು 1768 ಗ್ರಾಂ. ಲ್ಯಾಬಿನಲ್ಲಿ ಇದೇ ಮಣ್ಣು ಹೆಚ್ಚೆಂದರೆ 1860 ಗ್ರಾಂ ಹಿಡಿಸಿತ್ತು. ನೂರಕ್ಕೆ 95 ಸಿಕ್ಕಿತು, ಪಾಸು. ನಮ್ಮ ಹೆದ್ದಾರಿಗಳ ಏರಿಗೆ ಕೇಳುವುದು 95, ರಸ್ತೆಯ ಹಾಸಿಗೆ ತಾಗುವ ಮೇಲಿನ ಪದರಕ್ಕೆ 97. ಅದೂ ಇನ್ನೂ ಕಠಿಣ ಪರೀಕ್ಷೆಯ ಲೆಕ್ಕದಲ್ಲಿ, 4.9 ಕಿಲೋ ಸುತ್ತಿಗೆ, 45 ಸೆಂಟಿಮೀಟರ್ ಎತ್ತರ, ಐದು ಪದರ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರದ ವಿಮಾನಗಳು ಇಳಿಯುವ ನೆಲಕ್ಕೆ ಹಳೆಯ ಪೆಟ್ಟು ಸಾಲದೆ ಬಂದ ಪರೀಕ್ಷೆ ಇದು. ಒಟ್ಟು ಪೆಟ್ಟು ಹಳೆಯದರ ನಾಲ್ಕೂವರೆ ಪಟ್ಟು. ಮನೆಯ ನೆಲಕ್ಕೆ ಮೊದಲಿನ ಸಾದಾ ಪರೀಕ್ಷೆಯ ನೂರಕ್ಕೆ 95 ಬಂದರೂ ನಾನು ಸಮಾಧಾನಪಟ್ಟುಕೊಳ್ಳುತ್ತೇನೆ, ಆದರೆ ಪ್ರತಿ ಪದರದಲ್ಲೂ ಬರಬೇಕು. ಎಂಟೂ ಪದರ ಮುಗಿದ ಮೇಲೆ ಮೇಲೊಂದು ಕಡೆ ಅಳೆದರೆ ಅದು ಬರೀ ಕಾಗದಕ್ಕೆ.

ಕುಟ್ಟಿ ಸರಿಪಡಿಸಲಾಗದ ನೆಲಗಳೂ ಇವೆ. ಇದನ್ನು ಹೇಳದೆ ಹೋದರೆ ತಪ್ಪಾಗುತ್ತದೆ. ವಿಜಯಪುರ, ಕಲಬುರಗಿ, ರಾಯಚೂರು, ಧಾರವಾಡದ ಕಡೆಯ ಎರೆ ಭೂಮಿಯಲ್ಲಿ ಈ ತನಕ ಹೇಳಿದ್ದನ್ನು ಕಣ್ಣುಮುಚ್ಚಿ ಮಾಡಿದರೆ ಕೆಡುತ್ತದೆ. ಎರೆಮಣ್ಣನ್ನು ಒಣಗಿದ್ದಾಗ ಬಿಗಿಯಾಗಿ ಕುಟ್ಟಿ ಕೂರಿಸಿದಷ್ಟೂ, ಮುಂದೆ ನೀರು ಕುಡಿದಾಗ ಅದು ಹೆಚ್ಚು ಉಬ್ಬುತ್ತದೆ. ಸಣ್ಣ ಮನೆಯ ತೂಕಕ್ಕೆ ಅದು ಬಗ್ಗುವುದಿಲ್ಲ, ಮನೆಯನ್ನೇ ಎತ್ತುತ್ತದೆ. ಆ ಕಡೆಯ ಜನ ಎರೆಯನ್ನು ತೆಗೆದು ಗರಸು ತುಂಬಿಸುವುದು ಅನುಭವದಿಂದಲೇ ಬಂದದ್ದು. ಬೊಂಬಾಯಿ ಐಐಟಿಯ ಪ್ರೊಫೆಸರ್ ಆರ್. ಕೆ. ಕಟ್ಟಿ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ, ಎರೆಯ ಮೇಲೆ ಉಬ್ಬದ ಜಾತಿಯ ಜಿಗುಟು ಮಣ್ಣಿನ ದಪ್ಪ ಪದರ ಹಾಕಿ ಕುಟ್ಟಿದರೆ ಕೆಳಗಿನ ಎರೆಯ ಉಬ್ಬರವೇ ಹತೋಟಿಗೆ ಬರುತ್ತದೆ ಎಂದು ತೋರಿಸಿದರು. ಅಲ್ಲಿ ಕುಟ್ಟಬೇಕಾದದ್ದು ಹೊರಗಿನಿಂದ ತಂದ ಮಣ್ಣನ್ನು, ಎರೆಯನ್ನಲ್ಲ.

ಕರಾವಳಿಯಲ್ಲಿ ಬೇರೆ ಕಥೆ. ಗದ್ದೆಗೆ ಕೆಂಪು ಮಣ್ಣು ತುಂಬಿಸಿ ಸೈಟು ಮಾಡುತ್ತಾರೆ. ತುಂಬಿದ ಮಣ್ಣನ್ನು ಎಷ್ಟು ಚೆನ್ನಾಗಿ ಕುಟ್ಟಿದರೂ ಅದರ ಕೆಳಗೆ ಗದ್ದೆಯ ಮೆತ್ತನೆಯ ಕೆಸರು ಜೇಡಿ ಹಾಗೆಯೇ ಇರುತ್ತದೆ. ಅದರೊಳಗಿರುವುದು ಗಾಳಿಯಲ್ಲ, ನೀರು. ಹೊಸ ಮಣ್ಣಿನ ಭಾರಕ್ಕೆ ಆ ನೀರು ವರ್ಷಗಟ್ಟಲೆ ಬಸಿಯುತ್ತಾ ನೆಲ ಇಳಿಯುತ್ತಾ ಹೋಗುತ್ತದೆ. ಇಲ್ಲಿ ಮಾತ್ರ ಕಾಯುವುದಕ್ಕೆ ಬೆಲೆಯಿದೆ, ಆದರೆ ಒಂದು ಮಳೆಗಾಲ ಸಾಲದು. ತೆಳುವಾದ ಕೆಸರಾದರೆ ತೆಗೆದುಬಿಡುವುದೇ ಮೇಲು. ಆಳವಾಗಿದ್ದರೆ ಪೈಲ್ ಹಾಕಬೇಕೋ, ಬೇರೆ ಉಪಾಯವೋ, ಮಣ್ಣು ಪರೀಕ್ಷೆ ಮಾಡಿಸಿಯೇ ತೀರ್ಮಾನಿಸಬೇಕು.

ಬೆಂಗಳೂರಿನಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಅಂಗಳ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಅಂಗಳ. ಹೀಗೆ ಮುಚ್ಚಿದ ಕೆರೆ ಕುಂಟೆಗಳ ಮೇಲೆ ಎಷ್ಟೋ ಬಡಾವಣೆಗಳಿವೆ. ಇತ್ತೀಚಿನವುಗಳಲ್ಲಿ ತುಂಬಿರುವುದು ಮಣ್ಣಷ್ಟೇ ಅಲ್ಲ, ಕೆಡವಿದ ಕಟ್ಟಡದ ಅವಶೇಷ, ಪ್ಲಾಸ್ಟಿಕ್ಕು, ಕೊಳೆಯುವ ಕಸ. ಕೊಳೆಯುವುದನ್ನು ಯಾವ ರೋಲರೂ ಗಟ್ಟಿ ಮಾಡಲಾರದು, ಅದನ್ನು ತೆಗೆದೇ ಹಾಕಬೇಕು. ಆಳವಾಗಿ ತುಂಬಿದ ಸಡಿಲ ಮರಳು ಗರಸಿಗೆ ದೊಡ್ಡ ಯೋಜನೆಗಳಲ್ಲಿ ಇನ್ನೊಂದು ವಿಧಾನ ಬಳಸುತ್ತಾರೆ. ಫ್ರಾನ್ಸಿನ ಲೂಯಿ ಮೆನಾರ್ 1960ರ ದಶಕದ ಕೊನೆಯಲ್ಲಿ ಬಳಕೆಗೆ ತಂದದ್ದು. ಕ್ರೇನಿನಿಂದ 15 ಟನ್ ತೂಕವನ್ನು 15 ಮೀಟರ್ ಎತ್ತಿ ಬಿಡುವುದು, ಮತ್ತೆ ಎತ್ತಿ ಬಿಡುವುದು. ತೂಕವನ್ನೂ ಎತ್ತರವನ್ನೂ ಗುಣಿಸಿ ವರ್ಗಮೂಲ ತೆಗೆದು ಅರ್ಧ ಮಾಡಿದರೆ ಸುಮಾರಾಗಿ ಎಷ್ಟು ಮೀಟರ್ ಆಳಕ್ಕೆ ಪೆಟ್ಟು ಮುಟ್ಟುತ್ತದೆಂದು ಗೊತ್ತಾಗುತ್ತದೆ. ಈ ಲೆಕ್ಕದಲ್ಲಿ ಏಳೂವರೆ ಮೀಟರ್. ಊರೊಳಗಿನ 30–40ರ ಸೈಟಿನಲ್ಲಿ ಇದನ್ನು ನೆನೆಯುವ ಹಾಗೂ ಇಲ್ಲ, ಬೀದಿಯ ಮನೆಗಳೆಲ್ಲ ಅದುರಿಹೋದಾವು.

ಹಾಗಾದರೆ ಸಾಮಾನ್ಯ ಮನೆ ಕಟ್ಟುವವರು ಏನು ಮಾಡಬೇಕು? ನನ್ನ ಅಭಿಪ್ರಾಯ ಕೇಳಿದರೆ, ಮನೆಯ ಕಂಬ, ಪಾಯ ತುಂಬಿದ ಮಣ್ಣಿನ ಮೇಲೆ ಕೂರುವುದೇ ಬೇಡ, ಅದನ್ನು ದಾಟಿ ಕೆಳಗಿನ ಮೂಲ ನೆಲಕ್ಕೆ ಇಳಿಯಲಿ. ಎಂಟು ಪದರಕ್ಕೂ ನಿಂತು ಅಳತೆ ತೆಗೆಯುವ ಎಂಜಿನಿಯರ್ ಇದ್ದರೆ ಮಾತು ಬೇರೆ, ಚೆನ್ನಾಗಿ ಕುಟ್ಟಿದ ಮಣ್ಣು ಮನೆ ಹೊರಬಲ್ಲದು. ಆದರೆ ಪಾಯ ಆಳಕ್ಕೆ ಇಳಿಸಿದಿರಿ ಎಂದು ಕುಟ್ಟುವುದನ್ನು ಬಿಡುವ ಹಾಗಿಲ್ಲ. ಕಂಬ ನಿಂತಲ್ಲೇ ನಿಂತಿರುತ್ತದೆ. ಅಡುಗೆಮನೆಯ ನೆಲ, ಕಾರು ನಿಲ್ಲಿಸುವ ಜಾಗ, ಮೆಟ್ಟಿಲು, ಒಳಚರಂಡಿಯ ಪೈಪು ಇವೆಲ್ಲ ಮಣ್ಣಿನ ಮೇಲೆಯೇ ಕೂತಿರುತ್ತವೆ. ಮನೆ ನಿಂತು ನೆಲ ಇಳಿದರೆ ಪೈಪು ಗೋಡೆಯ ಬಳಿ ಕತ್ತರಿಸಿಕೊಳ್ಳುತ್ತದೆ, ಅಲ್ಲಿಂದ ಸೋರಿದ ನೀರು ಇನ್ನಷ್ಟು ಮಣ್ಣನ್ನು ಇಳಿಸುತ್ತದೆ. ಮಣ್ಣು ತುಂಬಿಸುವ ಮೊದಲು ಹುಲ್ಲು, ಬೇರು, ಕಪ್ಪು ಮೇಲ್ಮಣ್ಣು ಕೆರೆದು ತೆಗೆಸಿ. ಗುತ್ತಿಗೆದಾರರ ಹತ್ತಿರ ದರ ಮಾತಾಡುವಾಗ ಲೋಡಿನ ಲೆಕ್ಕದಲ್ಲಿ ಮಾತಾಡಬೇಡಿ. ಕುಟ್ಟಿ ಮುಗಿಸಿದ ಮೇಲಿನ ಅಳತೆಗೆ ದರ ಕಟ್ಟಿ. ಗಾಳಿಗೆ ದುಡ್ಡು ಕೊಡುವುದು ಆಗ ನಿಲ್ಲುತ್ತದೆ, ಕುಟ್ಟುವ ಆಸಕ್ತಿ ಅವರಿಗೇ ಬರುತ್ತದೆ.

ಕೊನೆಗೆ ಕಾಲದ ಮಾತು. ಮಣ್ಣು ತುಂಬಿಸುವ ಕೆಲಸವನ್ನು ಏಪ್ರಿಲ್ ಮೇ ತಿಂಗಳಲ್ಲಿ ಇಟ್ಟುಕೊಳ್ಳುವುದು ನಮ್ಮಲ್ಲಿ ರೂಢಿ, ಮಳೆಗೆ ಮೊದಲು ಆಗಿಬಿಡಲಿ ಎಂದು. ನನ್ನನ್ನು ಕೇಳಿದರೆ ಕಾರ್ತಿಕ ಮಾಸಕ್ಕೆ ಇಟ್ಟುಕೊಳ್ಳಿ ಎನ್ನುತ್ತೇನೆ. ಮಳೆ ನಿಂತು ಮೂರು ನಾಲ್ಕು ವಾರ ಕಳೆದ ಮೇಲೆ ಗುಡ್ಡದಿಂದ ಅಗೆದು ತರುವ ಮಣ್ಣು ಹೆಂಟೆ ಕಟ್ಟಿರುವುದಿಲ್ಲ, ಒಳಗೆ ಹದಕ್ಕೆ ಹತ್ತಿರದ ಹಸಿ ಇದ್ದೇ ಇರುತ್ತದೆ. ಲೋಡಿಗೆ 600 ಲೀಟರ್ ಸುರಿಯಬೇಕಾದ ಕಡೆ ನೂರಿನ್ನೂರು ಸಾಕಾಗಬಹುದು, ಅದೂ ಟ್ಯಾಂಕರ್ ನೀರಿಗೆ ಪರದಾಡುವ ದಿನಗಳಲ್ಲ. ಸಂಜೆ ಮೋಡ ಕಂಡರೆ ಆ ದಿನದ ಪದರವನ್ನು ಅರ್ಧಕ್ಕೆ ಬಿಟ್ಟು ಹೋಗಬೇಡಿ. ಹರಡಿದಷ್ಟನ್ನು ಕುಟ್ಟಿ ಮುಗಿಸಿ, ನೀರು ನಿಲ್ಲದಂತೆ ಒಂದು ಬದಿಗೆ ತುಸು ಇಳಿಜಾರು ಕೊಟ್ಟು, ಮಿಕ್ಕ ಗುಡ್ಡೆಗೆ ಟಾರ್ಪಾಲು ಹೊದಿಸಿ ಹೋಗಿ. ಮಾರನೆಯ ಬೆಳಿಗ್ಗೆ ಬಂದವರು ಮೊದಲು ಒಂದು ಹಿಡಿ ಮಣ್ಣು ಹಿಸುಕಿ ಉಂಡೆ ಬೀಳಿಸಿ ನೋಡಲಿ, ಆಮೇಲೆ ರೋಲರ್ ಸ್ಟಾರ್ಟ್ ಮಾಡಲಿ.